ಚಟಕ್ಕು

ಬಾಗಲಕೋಟಿ ಸಂತಿಯಾಗ ಕಿಲೋ ಲೆಕ್ಕದ ಮ್ಯಾಲೆ ತಂದದ್ದು,
ಯಾರದೋ ಮನಿ ಹುಡುಗರು ಆಡಿ ಬಿಟ್ಟದ್ದು:
ಕೆಂಪು, ಹಳದಿ, ಮೂಲಿ ಮುಕ್ಕಾದ ನೀಲಿ,
ಎರಡೂವರಿ ಕಿಲೋ ಪ್ಲಾಸ್ಟಿಕ್ ಇಟ್ಟಂಗಿ,
ನಡುವ ಒಂದು ಬಟಾಣಿ ಕಾಳು, ಅರ್ಧ ಪೆನ್ಸಿಲ್ಲು.
ಅಂಗಡಿಯವ ಅವನ್ನೂ ತೂಗಿದ್ದ.

ನನ್ನ ಮಗಳು ಬನಶಂಕರಿ ಅದಕ್ಕಿಟ್ಟ ಹೆಸರು ಚಟಕ್ಕು.
ಒಂದರ ಮ್ಯಾಲೊಂದು ಒತ್ತಿದರ ಬರೋ ಸಪ್ಪಳ.
ಗುಳೇದಗುಡ್ಡದ ನಮ್ಮ ಓಣಿಯಾಗ
ಮಗ್ಗ ನಿಂತ ಮ್ಯಾಲೂ ನಡಿಯೋದು ಅದೊಂದೇ.

ಮೊದಲು ಮಾಡಿದ್ದು ನನ್ನ ಚಾಳೀಸಿಗೊಂದು ಗೂಡು.
ಆಮ್ಯಾಲೆ ಬಾಚಣಿಕಿಗೆ ಗೋಡಿ, ಸೂಜಿಗೆ ಪೆಟ್ಟಿಗಿ,
ಉಪ್ಪಿನ ಭರಣಿಗೆ ಮುಚ್ಚಳ. ಒಲಿ ಹತ್ರ ಇಟ್ಟೆ,
ಸೊಟ್ಟ ಮಾರಿ ಮಾಡಿತು.
ಆಮ್ಯಾಲೊಂದು ಗ್ಲಾಸು.
ಗ್ಲಾಸಿನ್ಯಾಗ ನೀರು ನಿಲ್ಲಲಿಲ್ಲ,
ನಾಕೂ ದಿಕ್ಕಿಗೆ ಸಣ್ಣಗ ಅತ್ತಿತು.
"ಜರಡಿ ಆತು ಬಿಡವ್ವಾ" ಅಂದೆ ನಾ.
ಮರುದಿನ ಅದರಾಗ ಅಕ್ಕಿ ತೊಳದ್ಲು.

ಮುಚಖಂಡೆಪ್ಪ ನಮ್ಮಣ್ಣ,
ಹಗಲು ಖಣ ನೇಯ್ತಾನ, ದೊಡ್ಡಾಟದಾಗ ರಕ್ಕಸ ಆಗ್ತಾನ.
ಹಾಲವಾಣದ ಕಟಗಿ ಕಿರೀಟ, ಇಪ್ಪತ್ತು ವರ್ಷದ್ದು.
ಅಟ್ಟದಿಂದ ಇಳಿಸಿದರ ಗೆದ್ದಲ ತಿಂದು
ಹಣಿ ಉಳದಿತ್ತು, ನೆತ್ತಿ ಇರಲಿಲ್ಲ.
ಭುಜಕೀರ್ತಿ ಮುಟ್ಟಿದರ ಹಿಟ್ಟು.
"ಆಟಕ್ಕ ಎಂಟು ದಿನ" ಅಂದು
ನಮ್ಮ ಹೊಸ್ತಲದಾಗ ಕುಂತ. ಚಾ ಆರಿತು.

ಬನಶಂಕರಿ ಏನೂ ಕೇಳಲಿಲ್ಲ.
ನನ್ನ ಟೇಪು ತಗೊಂಡು ಮಾವನ ತಲಿ ಅಳದ್ಲು.
ಇಪ್ಪತ್ಮೂರು ಇಂಚು.
"ಕಿವಿ ಬಿಟ್ಟೋ, ಹಿಡದೋ?"
ಥೇಟ್ ನನ್ನ ದನಿ, ಗಿರಾಕಿ ಮುಂದ ನಾ ಮಾತಾಡೋ ದನಿ.

ಏಳು ರಾತ್ರಿ.
ನಾ ಸೂಜಿ ಕಾಸಿ ಇಟ್ಟಂಗಿಗೆ ತೂತು ಹಾಕಿದೆ,
ಕುಬಸದಾಗ ಉಳದ ಖಣದ ತುಂಡಿಗೆ
ಎದಿ ಮ್ಯಾಲಿನ ಸಾಲು ಹೊಲದೆ.
ಮನಿ ತುಂಬ ಸುಟ್ಟ ಪ್ಲಾಸ್ಟಿಕ್ಕಿನ ನಾತ.
ಐದನೇ ರಾತ್ರಿ ಚಟಕ್ಕು ಸಾಲಲಿಲ್ಲ.
ಸೂಜಿ ಪೆಟ್ಟಿಗಿ ಬಿಚ್ಚಿದ್ಲು.
ಬಾಚಣಿಕಿ ಗೋಡಿ ಬಿತ್ತು.
ಕಡೀಕ ನನ್ನ ಮಾರಿ ನೋಡಿದ್ಲು,
ನಾನಾ ಚಾಳೀಸು ತಗದು ಗೂಡು ಕೊಟ್ಟೆ.
ನಮ್ಮ ಮನಿ ಅಷ್ಟೂ ಹೋಗಿ
ಅಣ್ಣನ ಮೈ ಮ್ಯಾಲೆ ಕುಂತಿತು.

ಆಟದ ರಾತ್ರಿ ಲೈಟ್ ಬಿದ್ದರ
ಅಬಬಾ, ಅಣ್ಣ ಉರದ.
ಹಿಂದ ಕುಂತ ಮುದುಕರು ಮುಂದ ಸರದ್ರು.
ಮೂರನೇ ಜಿಗಿತಕ್ಕ
ಎಡಗಡೆ ಭುಜಕೀರ್ತಿ ಚಟಚಟ ಉದುರಿತು
ಹುರದ ಜ್ವಾಳ ಸಿಡದಂಗ.
ಅವ ನಿಲ್ಲಲಿಲ್ಲ. ಒಂದು ಭುಜದ ರಕ್ಕಸ ಆಗಿ ಕುಣದ,
ಬಾಣ ತಿಂದ, ಹೊಳ್ಳಿ ಬಿದ್ದ, ಸತ್ತ.

ಸತ್ತವನ ಬಲಗೈ
ಮೆಲ್ಲಗ ಹಲಗಿ ಮ್ಯಾಲೆ ತಡಕಾಡಿತು.
ಕಣ್ಣು ಮುಚ್ಚೇ ಇದ್ದವು.
ಒಂದು ಸಿಕ್ಕಿತು, ಇನ್ನೊಂದು ಸಿಕ್ಕಿತು.
ಚಟಕ್.
ಮದ್ದಲಿಯವ ತಿರುಗಿ ನೋಡಿ
ಅದಕ್ಕೊಂದು ಪೆಟ್ಟು ಕೊಟ್ಟ.
ಚಟಕ್. ಧಿಂ. ಚಟಕ್. ಧಿಂ.
ಮಂದಿ ನಕ್ಕು ನಕ್ಕು
ರಕ್ಕಸನ್ನ ಏಳಸಬ್ಯಾಡ್ರೋ ಅಂತ ಕೂಗಿದ್ರು.

ಮರುದಿನ ಓಣಿ ಹುಡುಗರು ಒಬ್ಬೊಬ್ಬರ ಬಂದು
ಕಿಸೆದಾಗಿಂದ ಒಂದೊಂದು ತಗದು ಕೊಟ್ಟರು.
ಒಬ್ಬಾಕಿ ಬಾಯಾಗಿಂದ ತಗದ್ಲು.

ಹದಿನೈದು ದಿನಕ್ಕ ಅಣ್ಣ ಬಂದ.
"ಕಿರೀಟ ಒಮ್ಮೆ ನೋಡೂನು" ಅಂದ,
ನೋಡೂದು ಏನೂ ಇಲ್ಲನ್ನವರಂಗ.
ಕಿರೀಟ ಬಚ್ಚಲದಾಗ ಇತ್ತು.
ಬೋರಲಾಗಿ, ಅರ್ಧ ಬಿಚ್ಚಿ, ನಾಕು ಕಾಲಾಗಿ,
ನೀರು ಸೋರಿ ಹೋಗೋ ಹಂಗ.
ಅದರ ಮ್ಯಾಲೆ ಹಸರ ಸಾಬೂನು.
ಚಾಳೀಸು ಹೊಳ್ಳಿ ಗೂಡು ಸೇರಿತ್ತು,
ಒಂದು ಗ್ವಾಡಿ ಅವನ ಎದಿಯದು.

ಅಣ್ಣ ಬಾಳೊತ್ತು ನಿಂತ.
ಆಮ್ಯಾಲೆ ಸಾಬೂನು ತಗೊಂಡು ಕೈ ತೊಳಕೊಂಡ,
ಎರಡು ಸಲ, ಇದ್ದಲ್ಲೇ ಇಟ್ಟ, ಸರಿ ಮಾಡಿ ಇಟ್ಟ.

"ಮುಂದಿನ ಆಟ ಇದ್ದರ
ಎಂಟು ದಿನ ಮೊದಲ ಹೇಳು ಮಾವಾ" ಅಂದ್ಲು ಬನಶಂಕರಿ,
ತಲಿ ಎತ್ತಲಿಲ್ಲ, ಏನೋ ಕಟ್ಟಲಿಕ್ಕತ್ತಿದ್ಲು,
"ತೊಳದು ಒಣಗಸಬೇಕು."